ಕೊಡಗಿನಲ್ಲಿ ಮಗುವಿಗೆ ಸೈಕಾಲಜಿಸ್ಟ್ ಬೇಕು: ಶಾಲೆಯಲ್ಲೇ ನೋಡೋದಾ, ಮಡಿಕೇರಿಗಾ, ಮೈಸೂರಿಗಾ?

"ಮಗು ಚುರುಕಾಗಿದೆ, ಆದ್ರೆ ಬರೆಯೋಕೆ ಕೂತ್ರೆ ಏನೂ ಬರಲ್ಲ, ಯಾರಿಗೆ ತೋರಿಸೋದು?" ಅಂತ ನಮ್ಮ ಕಡೆ ಯಾರನ್ನಾದರೂ ಕೇಳಿ ನೋಡಿ. ಒಬ್ಬರು ನೇರವಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಅನ್ನುತ್ತಾರೆ. ಇನ್ನೊಬ್ಬರು ದೊಡ್ಡವನಾದ ಮೇಲೆ ತಾನಾಗೇ ಸರಿಹೋಗ್ತಾನೆ ಬಿಡಿ ಅನ್ನುತ್ತಾರೆ. ಇವೆರಡರ ನಡುವೆ ಐದಾರು ದಾರಿಗಳಿವೆ. ಹೆಚ್ಚಿನವು ಜಿಲ್ಲೆಯ ಒಳಗೇ ಇವೆ, ಇಲ್ಲದಿದ್ದರೆ ಮೂರ್ನಾಲ್ಕು ಗಂಟೆ ಬಸ್ಸಿನ ದೂರದಲ್ಲಿವೆ. ಯಾವ ಕೆಲಸಕ್ಕೆ ಯಾವ ದಾರಿ ಅಂತ ಬಿಡಿಸಿ ಹೇಳುವವರು ಮಾತ್ರ ಕಡಿಮೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಗುವಿನ ತೊಂದರೆ ಏನು ಅಂತ ಪರೀಕ್ಷೆ ಮಾಡಿಸೋದಕ್ಕೆ ದೂರ ಹೋಗಬೇಕಾದರೆ ಹೋಗಿ, ವಾರವಾರದ ಭೇಟಿಗೆ ಹತ್ತಿರದವರನ್ನು ಹಿಡಿಯಿರಿ. ಪರೀಕ್ಷೆ ಒಂದೆರಡು ದಿನದ ಕೆಲಸ, ಅಲ್ಲಿ ಅನುಭವ ಮುಖ್ಯ, ಅವರು ಕೊಡುವ ರಿಪೋರ್ಟ್‌ಗೆ ಬೆಲೆ ಇರಬೇಕು. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುವಂಥದ್ದು, ಅಲ್ಲಿ ತಪ್ಪದೆ ಹೋಗೋದೇ ಮುಖ್ಯ. ಜುಲೈ ಮಳೆಯಲ್ಲಿ ಪ್ರತಿ ಶನಿವಾರ ಮಗುವನ್ನು ಕರೆದುಕೊಂಡು ಮೈಸೂರಿಗೆ ಹೋಗಿ ಬರ್ತೀವಿ ಅಂತ ಶುರು ಮಾಡಿದವರು ಹೆಚ್ಚಾಗಿ ಮೂರನೇ ವಾರಕ್ಕೆ ನಿಲ್ಲಿಸುತ್ತಾರೆ. ಅದು ಅವರ ತಪ್ಪಲ್ಲ, ಆ ಯೋಜನೆಯೇ ನಡೆಯುವಂಥದ್ದಲ್ಲ.

ಯಾರು ಏನು ಮಾಡುತ್ತಾರೆ

ಬೋರ್ಡ್ ನೋಡಿ ಒಳಗೆ ಹೋಗುವ ಮೊದಲು ಇದು ಗೊತ್ತಿರಲಿ. ಮನೋವೈದ್ಯರು ಅಂದರೆ ಎಂಬಿಬಿಎಸ್ ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್. ಮಾತ್ರೆ ಬರೆಯೋದು ಇವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಬುದ್ಧಿಮತ್ತೆ, ಕಲಿಕಾ ನ್ಯೂನತೆ (ಮಗು ಚುರುಕಾಗಿದ್ದರೂ ಓದು ಬರಹ ಹತ್ತದಿರೋದು), ಆಟಿಸಂ (ಮಾತಿನಲ್ಲಿ, ಬೇರೆಯವರ ಜೊತೆ ಬೆರೆಯೋದರಲ್ಲಿ ತೊಂದರೆ), ಗಮನದ ತೊಂದರೆ ಇವನ್ನು ಪರೀಕ್ಷೆ ಮಾಡಿ ರಿಪೋರ್ಟ್ ಕೊಡೋದು, ಕೂರಿಸಿಕೊಂಡು ಥೆರಪಿ, ಅಂದರೆ ಮಾತ್ರೆ ಇಲ್ಲದ ಚಿಕಿತ್ಸೆ, ಮಾಡೋದು ಇವರ ಕೆಲಸ. ಇವರು ಸಾಮಾನ್ಯವಾಗಿ ಎಂಎ ಅಥವಾ ಎಂಎಸ್ಸಿ ಆದ ಮೇಲೆ ಎರಡು ವರ್ಷ ಆಸ್ಪತ್ರೆಯಲ್ಲಿ ಕೆಲಸ ಕಲಿತು ಎಂಫಿಲ್ ಮಾಡಿರುತ್ತಾರೆ. ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ಹೆಸರು ನೋಂದಾಯಿಸಿರಬೇಕು. ಇದು 1992ರ ಕಾಯ್ದೆಯ ಪ್ರಕಾರ.

ಕೌನ್ಸೆಲರ್, ಅಂದರೆ ಆಪ್ತ ಸಮಾಲೋಚಕರು, ಬೇರೆ. ಒಳ್ಳೆಯ ಕೌನ್ಸೆಲರ್ ಮಗುವಿನ ಭಯ, ಮನೆಯ ಜಗಳ, ಪರೀಕ್ಷೆಯ ಒತ್ತಡ ಇಂಥವುಗಳಲ್ಲಿ ನಿಜಕ್ಕೂ ಸಹಾಯ ಮಾಡುತ್ತಾರೆ. ಆದರೆ ಅವರ ಓದು ಒಂದೇ ಥರ ಇರುವುದಿಲ್ಲ. ಎರಡು ವರ್ಷದ ಎಂಎಸ್ಸಿ ಮಾಡಿದವರೂ ಕೌನ್ಸೆಲರ್, ಆರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದವರೂ ಕೌನ್ಸೆಲರ್. ಅದಕ್ಕೇ "ಏನು ಓದಿದ್ದೀರಿ, ಎಲ್ಲಿ ಕೆಲಸ ಕಲಿತಿರಿ?" ಅಂತ ಕೇಳಿ. ಸಂಕೋಚ ಬೇಡ. ಸರಿಯಾಗಿ ಓದಿದವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಹೆಸರಿನ ಮುಂದೆ ಡಾ. ಅಂತ ಇದ್ದರೆ ಅದು ಪಿಎಚ್‌ಡಿ ಇರಬಹುದು, ವೈದ್ಯರು ಅಂತಲೇ ಅಂದುಕೊಳ್ಳಬೇಡಿ.

ನಿಮಗೆ ಬೇಕಾಗಿರೋದು ಏನು ಅಂತ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ತೊಂದರೆ ಏನು ಅಂತ ತಿಳಿಯಬೇಕಾ? ಬೋರ್ಡ್ ಪರೀಕ್ಷೆಗೆ ಸರ್ಟಿಫಿಕೇಟ್ ಬೇಕಾ? ಮಗು ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಬೇಕಾ? ಅಥವಾ ನಿದ್ದೆ ಇಲ್ಲ, ಊಟ ಬಿಟ್ಟಿದೆ, ಕೈ ಕುಯ್ದುಕೊಂಡಿದೆ ಅನ್ನುವ ಮಟ್ಟಕ್ಕೆ ಹೋಗಿದೆಯಾ? ಕೊನೆಯದಾದರೆ ಹೋಲಿಕೆ ಮಾಡುತ್ತಾ ಕೂರಬೇಡಿ. ಅವತ್ತೇ ಜಿಲ್ಲಾಸ್ಪತ್ರೆಗೆ ಹೋಗಿ, ಮನೋವೈದ್ಯರನ್ನು ಕೇಳಿ. ರಾತ್ರಿಯಾಗಿದ್ದರೆ ತುರ್ತು ವಿಭಾಗಕ್ಕೆ ಹೋಗಿ.

ಶಾಲೆಯ ಕೌನ್ಸೆಲರ್

ನಮ್ಮಲ್ಲಿ ಸ್ಕೂಲ್ ಸೈಕಾಲಜಿಸ್ಟ್ ಅನ್ನುವ ಹುದ್ದೆ ಇಲ್ಲ ಅಂತಲೇ ಹೇಳಬಹುದು. ಸಿಬಿಎಸ್‌ಇ ನಿಯಮದ ಪ್ರಕಾರ ಹೈಸ್ಕೂಲು ಮಟ್ಟದ ಶಾಲೆಗಳಲ್ಲಿ ಕೌನ್ಸೆಲರ್ ಇರಬೇಕು. ಕೆಲವು ಕಡೆ ಪೂರ್ತಿ ಸಮಯದವರು ಇರುತ್ತಾರೆ, ಕೆಲವು ಕಡೆ ಪಾಠ ಮಾಡುವ ಟೀಚರ್ ಒಬ್ಬರಿಗೇ ಈ ಕೆಲಸವನ್ನೂ ಕೊಟ್ಟಿರುತ್ತಾರೆ. ಶಾಲೆಯವರ ದೊಡ್ಡ ಅನುಕೂಲ ಏನು ಅಂದರೆ ಅವರು ಮಗುವನ್ನು ದಿನಾ ನೋಡುತ್ತಾರೆ. ಆಸ್ಪತ್ರೆಯ ಕೋಣೆಯಲ್ಲಿ ಒಂದು ಗಂಟೆ ಸುಮ್ನೆ ಕೂತ ಮಗು ತರಗತಿಯಲ್ಲಿ ಹೇಗಿರುತ್ತದೆ ಅಂತ ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಅನನುಕೂಲವೂ ಅಲ್ಲೇ ಇದೆ. ಮಗು ಹೇಳಿದ್ದು ಸ್ಟಾಫ್ ರೂಮಿಗೆ ಹೋಗುತ್ತದಾ ಅನ್ನೋ ಭಯ ಮಕ್ಕಳಿಗೆ ಇದ್ದೇ ಇರುತ್ತದೆ. ಹಾಸ್ಟೆಲ್‌ನಲ್ಲಿರುವ ಮಕ್ಕಳಿಗಂತೂ ಇದು ಇನ್ನೂ ಜಾಸ್ತಿ. ಕೂಡಿಗೆಯ ಸೈನಿಕ ಶಾಲೆ, ಗಾಳಿಬೀಡಿನ ನವೋದಯ, ಮೊರಾರ್ಜಿ ಶಾಲೆಗಳು, ಆಶ್ರಮ ಶಾಲೆಗಳು, ಹೀಗೆ ನಮ್ಮ ಜಿಲ್ಲೆಯಲ್ಲಿ ಮನೆ ಬಿಟ್ಟು ಓದುವ ಮಕ್ಕಳು ಬಹಳ. ಅಂಥ ಮಗುವಿಗೆ ಶಾಲೆಯ ಹೊರಗಿನ ಒಬ್ಬರು, ತಿಂಗಳಿಗೊಮ್ಮೆ ಸಿಕ್ಕಿದರೂ ಸರಿ, ಇರಲೇಬೇಕು ಅನ್ನೋದು ನನ್ನ ಅಭಿಪ್ರಾಯ.

ಸರ್ಕಾರಿ ಶಾಲೆಯಾದರೆ ಕೌನ್ಸೆಲರ್ ಸಿಗೋದು ಕಷ್ಟ. ಆದರೆ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ವಿಶೇಷ ಅಗತ್ಯವಿರುವ ಮಕ್ಕಳನ್ನು ನೋಡಿಕೊಳ್ಳೋದೇ ಅವರ ಕೆಲಸ. ಮಕ್ಕಳನ್ನು ತಪಾಸಣೆ ಮಾಡುವ ಮೌಲ್ಯಾಂಕನ ಶಿಬಿರ ಯಾವಾಗ, ಯಾವ ಕಾಗದ ಬೇಕು ಅಂತ ಇವರಿಗೆ ಗೊತ್ತಿರುತ್ತದೆ. ಅನೇಕ ಪೋಷಕರಿಗೆ ಇಂಥವರು ಇದ್ದಾರೆ ಅಂತಲೇ ಗೊತ್ತಿಲ್ಲ. ಮುಖ್ಯ ಶಿಕ್ಷಕರ ಹತ್ತಿರ ನಂಬರ್ ಇರುತ್ತದೆ, ಕೇಳಿ ತೆಗೆದುಕೊಳ್ಳಿ.

ಮಡಿಕೇರಿ ಮತ್ತು ತಾಲ್ಲೂಕು ಆಸ್ಪತ್ರೆಗಳು

ಮಡಿಕೇರಿಯ ಜಿಲ್ಲಾಸ್ಪತ್ರೆ 2016ರಲ್ಲಿ ಶುರುವಾದ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆಯೂ ಹೌದು. ಅಲ್ಲಿ ಮನೋವೈದ್ಯ ವಿಭಾಗ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದರ ಜೊತೆ ಇನ್ನೊಂದು ದಾರಿ. ಈ ಕಾರ್ಯಕ್ರಮ ದೇಶದಲ್ಲಿ 1996ರಲ್ಲಿ ಶುರುವಾಯಿತು, ಅದಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ ಜಿಲ್ಲೆ. ಇದರ ತಂಡದಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ನರ್ಸ್ ಹುದ್ದೆಗಳಿರುತ್ತವೆ. ಮನೋಚೈತನ್ಯ ಅನ್ನುವ ಹೆಸರಿನಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೂ ನಿಗದಿತ ದಿನ ಬರುವ ವ್ಯವಸ್ಥೆ ಇದೆ. ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಮಡಿಕೇರಿಗೆ ಹೊರಡುವ ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಗೆ ಫೋನ್ ಮಾಡಿ "ಮನೋವೈದ್ಯರು ಯಾವ ದಿನ ಬರ್ತಾರೆ, ಸೈಕಾಲಜಿಸ್ಟ್ ಕೂಡ ಬರ್ತಾರಾ?" ಅಂತ ಎರಡನ್ನೂ ಬೇರೆಬೇರೆಯಾಗಿ ಕೇಳಿ. ಸೈಕಾಲಜಿಸ್ಟ್ ಹುದ್ದೆ ಖಾಲಿ ಇದ್ದರೆ ಹೋದ ದಿನ ಮಾತ್ರೆ ಚೀಟಿ ಸಿಗುತ್ತದೆ, ನಿಮಗೆ ಬೇಕಾದ ಪರೀಕ್ಷೆ ಸಿಗುವುದಿಲ್ಲ.

ಚಿಕ್ಕ ಮಗು, ಮಾತು ತಡವಾಗಿದೆ, ಕರೆದರೆ ತಿರುಗಿ ನೋಡಲ್ಲ ಅನ್ನೋದಾದರೆ ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅವರು ನೋಡುತ್ತಾರೆ, ಮುಂದಿನ ತಪಾಸಣೆಗೆ ಬರೆದುಕೊಡುತ್ತಾರೆ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ.

ಸರ್ಕಾರಿ ಆಸ್ಪತ್ರೆಯ ಬಲ ಎಂದರೆ ಖರ್ಚು ಕಡಿಮೆ, ಅಂಗವಿಕಲತೆಯ ಕಾರ್ಡ್‌ಗೆ ಹೇಗೂ ಇಲ್ಲಿಗೇ ಬರಬೇಕು. ಕಷ್ಟ ಎಂದರೆ ಸಮಯ. ಓಪಿಡಿಯಲ್ಲಿ ಜನ ಕಾಯುತ್ತಿರುವಾಗ ಒಂದು ಮಗುವಿಗೆ ಮುಕ್ಕಾಲು ಗಂಟೆ ಕೊಡೋದು ಅವರಿಗೂ ಆಗುವುದಿಲ್ಲ. ಮಧ್ಯಾಹ್ನದ ಮೇಲೆ ಸಮಯ ಕೊಡ್ತೀರಾ ಅಂತ ನೇರವಾಗಿ ಕೇಳಿ, ಕೆಲವೊಮ್ಮೆ ಸಿಗುತ್ತದೆ.

ಮೈಸೂರು, ಮಂಗಳೂರು, ಬೆಂಗಳೂರು

ಕಲಿಕಾ ನ್ಯೂನತೆ, ಆಟಿಸಂ, ಮಾತಿನ ತೊಂದರೆ ಅನ್ನೋ ಅನುಮಾನ ಇದ್ದರೆ ನಾನು ಮೊದಲು ಹೇಳೋದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ ಆಯಿಷ್. 1965ರಿಂದ ಇದೆ, ಕೇಂದ್ರ ಸರ್ಕಾರದ್ದು. ಹೆಸರಿನಲ್ಲಿ ವಾಕ್ ಶ್ರವಣ ಅಂತ ಇರೋದರಿಂದ ಕಿವಿ ಕೇಳದವರಿಗೆ ಮಾತ್ರ ಅಂದುಕೊಂಡವರು ಎಷ್ಟೋ ಜನ. ಅಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗವೂ ಇದೆ. ಕಿವಿ, ಮಾತು, ಬುದ್ಧಿಮತ್ತೆ, ಓದು ಬರಹ ಎಲ್ಲವನ್ನೂ ಒಂದೇ ಆವರಣದಲ್ಲಿ ನೋಡುತ್ತಾರೆ. ಇದು ಬಹಳ ಮುಖ್ಯ, ಯಾಕಂದ್ರೆ ಕಿವಿ ಸ್ವಲ್ಪ ಮಂದವಾಗಿರುವ ಮಗುವನ್ನು ಗಮನ ಕೊಡಲ್ಲ ಅಂತ ಬೈಯುತ್ತಾ ವರ್ಷ ಕಳೆದುಬಿಡೋದು ಸಾಮಾನ್ಯ. ಬೆಳಗ್ಗೆಯೇ ತಲುಪುವ ಹಾಗೆ ಹೊರಡಿ, ಇಡೀ ದಿನ ಅದಕ್ಕೇ ಇಡಿ. ಮತ್ತೊಂದು ದಿನ ಬರಲು ಹೇಳಿದರೂ ಬೇಸರ ಬೇಡ. ಒಂದೇ ಕೂರಿಕೆಯಲ್ಲಿ ಸುಸ್ತಾದ ಮಗುವಿನ ಅಂಕ ನಂಬುವಂಥದ್ದಲ್ಲ.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಕುಶಾಲನಗರದವರಿಗೆ ಇನ್ನೂ ಹತ್ತಿರ, ಗೋಣಿಕೊಪ್ಪದವರಿಗೆ ಹುಣಸೂರು ದಾರಿ ಇದೆ. ಸಂಪಾಜೆ, ಚೆಂಬು, ಕರಿಕೆ ಕಡೆಯವರಿಗೆ ಸುಳ್ಯ, ಪುತ್ತೂರು ಮೇಲೆ ಮಂಗಳೂರೇ ಸಲೀಸು. ಕಂಕನಾಡಿ, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಮಾತ್ರೆ ಮತ್ತು ಥೆರಪಿ ಎರಡೂ ಬೇಕಾದ ದೊಡ್ಡ ಮಕ್ಕಳಿಗೆ ಅದು ಒಳ್ಳೆ ಆಯ್ಕೆ. ಆದರೆ ಮಳೆಗಾಲದಲ್ಲಿ ಘಾಟಿ ರಸ್ತೆ ಯಾವಾಗ ಮುಚ್ಚುತ್ತದೆ ಅಂತ ಹೇಳೋಕಾಗಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜಾರಿ ಆ ದಾರಿಯೇ ನಿಂತುಹೋಗಿದ್ದು ನೆನಪಿದೆಯಲ್ಲ.

ನಿಮ್ಹಾನ್ಸ್ ಯಾವಾಗ? ಇಲ್ಲಿನವರೋ ಮೈಸೂರಿನವರೋ ನೋಡಿ, ಇದು ನಮ್ಮ ಕೈಯಲ್ಲಿ ಆಗಲ್ಲ ಅಂತ ಬರೆದುಕೊಟ್ಟಾಗ. ಫಿಟ್ಸ್ ಜೊತೆ ನಡವಳಿಕೆಯ ತೊಂದರೆ, ಇಲ್ಲದ ದನಿ ಕೇಳಿಸೋದು, ಇದ್ದಕ್ಕಿದ್ದಂತೆ ಮಗು ಪೂರ್ತಿ ಬದಲಾಗಿಬಿಡೋದು, ಇಂಥವಕ್ಕೆ. ಅಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕೇ ಪ್ರತ್ಯೇಕ ವಿಭಾಗ ಇದೆ, ಅಂಥದ್ದು ಕರ್ನಾಟಕದಲ್ಲಿ ಬೇರೆ ಕಡೆ ಸಿಗೋದು ಕಷ್ಟ. ಬರೀ ಗಣಿತದಲ್ಲಿ ಹಿಂದೆ ಅಂತ 250 ಕಿ.ಮೀ. ಹೋಗುವ ಅಗತ್ಯ ಇಲ್ಲ. ಬಸ್ ಚಾರ್ಜಿನ ಜೊತೆ ಒಂದೆರಡು ದಿನದ ಕೂಲಿ ಹೋಗುತ್ತದೆ, ಶಾಲೆ ತಪ್ಪುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯಿಲಿನ ಸಮಯದಲ್ಲಿ ತೋಟದ ಮನೆಗಳಿಗೆ, ಕೂಲಿ ಕೆಲಸದವರ ಲೈನ್ ಮನೆಗಳಿಗೆ ಅದು ಎಷ್ಟು ಕಷ್ಟ ಅಂತ ನಮಗೆ ಗೊತ್ತು.

ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯುತ್ತದೆ

ಆಯ್ಕೆ ಮಾಡುವಾಗ ಯಾರೂ ಕೇಳದ, ಆದರೆ ಕೊಡಗಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಎರವ ಭಾಷೆ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಈಗ ತೋಟದ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಬುದ್ಧಿಮತ್ತೆ ಪರೀಕ್ಷೆಯಲ್ಲಿ ಪದಗಳ ಅರ್ಥ ಹೇಳುವ, ಕೇಳಿದ್ದಕ್ಕೆ ಬಾಯಲ್ಲಿ ಉತ್ತರಿಸುವ ಭಾಗ ಬಹಳ ಇರುತ್ತದೆ. ನಮ್ಮಲ್ಲಿ ಇಂದಿಗೂ ಬಳಸುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ ಅಳವಡಿಸಿದ್ದೇ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ, ಅದೂ ಸ್ವಾತಂತ್ರ್ಯಕ್ಕಿಂತ ಮೊದಲು. ಆದಿವಾಸಿಗಳ ಹಾಡಿಯಿಂದ ಬಂದು ಕನ್ನಡವನ್ನು ಒಂದನೇ ತರಗತಿಯಲ್ಲಿ ಮೊದಲ ಸಲ ಕೇಳಿದ ಎರವರ ಹುಡುಗಿಯನ್ನು ಇದರ ಮುಂದೆ ಕೂರಿಸಿದರೆ ಅಂಕ ಕೆಳಗೆ ಬರೋದು ಸಹಜ. ಆ ಅಂಕವನ್ನು ಹಿಡಿದು "ಬುದ್ಧಿಮತ್ತೆ ಕಡಿಮೆ" ಅಂತ ಬರೆದುಬಿಟ್ಟರೆ ಆ ಕಾಗದ ಮಗುವನ್ನು ವರ್ಷಗಟ್ಟಲೆ ಹಿಂಬಾಲಿಸುತ್ತದೆ.

ಅದಕ್ಕೆ ಫೋನಿನಲ್ಲೇ ಹೇಳಿ: "ಮನೆಯಲ್ಲಿ ಈ ಭಾಷೆ ಮಾತಾಡ್ತೀವಿ, ಮಗುವಿಗೆ ಕನ್ನಡ ಇಷ್ಟು ಬರುತ್ತೆ, ಯಾವ ಪರೀಕ್ಷೆ ಮಾಡ್ತೀರಿ?" ಮಾತು ಹೆಚ್ಚು ಬೇಡದ ಪರೀಕ್ಷೆಗಳೂ ಇವೆ. ಹಲಗೆಯಲ್ಲಿ ಆಕಾರ ಜೋಡಿಸುವ ಸೆಗುಯಿನ್ ಫಾರ್ಮ್ ಬೋರ್ಡ್, ಚಿತ್ರದಲ್ಲಿ ಬಿಟ್ಟುಹೋದ ತುಂಡನ್ನು ಆರಿಸುವ ರೇವನ್ಸ್ ಮಾದರಿಯವು. ಒಳ್ಳೆಯ ಸೈಕಾಲಜಿಸ್ಟ್ ಇವನ್ನೂ ಸೇರಿಸುತ್ತಾರೆ, ರಿಪೋರ್ಟ್‌ನಲ್ಲಿ ಭಾಷೆಯ ವಿಷಯ ಬರೆಯುತ್ತಾರೆ. ಒಂದೇ ಒಂದು ಸಂಖ್ಯೆ ಬರೆದು ಕಳಿಸುವವರ ರಿಪೋರ್ಟ್ ಬೇಡ.

ಕಲಿಕಾ ನ್ಯೂನತೆ ಹೇಗೆ ಕಾಣುತ್ತದೆ ಅಂತ ಹೇಳಬೇಕು, ಯಾಕಂದ್ರೆ ಇಂಗ್ಲಿಷ್ ಪುಸ್ತಕದಲ್ಲಿ ಬರೋ ಹಾಗೆ ನಮ್ಮ ಮಕ್ಕಳಲ್ಲಿ ಬಿ ಮತ್ತು ಡಿ ತಿರುಗುಮುರುಗಾಗೋದನ್ನೇ ಹುಡುಕುತ್ತಾ ಕೂತರೆ ಸಿಗಲ್ಲ. ಐದನೇ ತರಗತಿಯ ಹುಡುಗ. ಕಾಳುಮೆಣಸಿನ ಬಳ್ಳಿಯನ್ನು ಮರಕ್ಕೆ ಹೇಗೆ ಕಟ್ಟಬೇಕು, ಯಾವಾಗ ಕುಯ್ಯಬೇಕು ಅಂತ ತಡವರಿಸದೆ ಹೇಳುತ್ತಾನೆ. ಅದನ್ನೇ ಬರಿ ಅಂದರೆ "ಬಳ್ಳಿ" ಅನ್ನೋದು "ಬಳಿ" ಆಗುತ್ತದೆ, ಒತ್ತಕ್ಷರಗಳೆಲ್ಲ ಬಿದ್ದುಹೋಗುತ್ತವೆ, ಮ ಬರೆಯೋ ಕಡೆ ವ ಬರುತ್ತದೆ, ಎರಡು ಸಾಲಿಗೆ ಕೈ ನೋವು ಅಂತ ಪೆನ್ ಇಡುತ್ತಾನೆ. ಬಾಯಲ್ಲಿ ಇರುವ ಮಗುವಿಗೂ ನೋಟ್‌ಬುಕ್ಕಿನಲ್ಲಿ ಇರುವ ಮಗುವಿಗೂ ಇಷ್ಟು ಅಂತರ ಕಂಡರೆ ಬೈಯ್ಯೋದು ಬಿಟ್ಟು ಪರೀಕ್ಷೆ ಮಾಡಿಸಿ. ಹೋಗುವಾಗ ಹಳೇ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಫೇರ್ ಕಾಪಿ ಬೇಡ, ತಪ್ಪು ತುಂಬಿರುವುದನ್ನೇ.

ವಿರಾಜಪೇಟೆ, ಸಿದ್ದಾಪುರ ಕಡೆ ಮನೆಯಲ್ಲಿ ಮಲಯಾಳಂ ಮಾತಾಡುವವರು ಮಾಕುಟ್ಟ ದಾರಿಯಲ್ಲಿ ಕಣ್ಣೂರಿಗೆ ಹೋಗೋದುಂಟು. ಮಗು ತನ್ನ ಭಾಷೆಯಲ್ಲಿ ಮಾತಾಡುತ್ತದೆ ಅನ್ನೋದು ದೊಡ್ಡ ಲಾಭ. ಥೆರಪಿಗೆ ಖಂಡಿತ ಹೋಗಿ. ಸರ್ಟಿಫಿಕೇಟ್‌ಗೆ ಹೋಗುವ ಮೊದಲು ಮಾತ್ರ ಆ ಕಾಗದವನ್ನು ಇಲ್ಲಿ ಒಪ್ಪುತ್ತಾರಾ ಅಂತ ಶಾಲೆಯಲ್ಲಿ ಕೇಳಿಕೊಳ್ಳಿ.

ಸರ್ಟಿಫಿಕೇಟ್ ವಿಷಯ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಕಲಿಕಾ ನ್ಯೂನತೆ, ಆಟಿಸಂ ಎರಡೂ ಇವೆ. ಕಲಿಕಾ ನ್ಯೂನತೆಯ ಸರ್ಟಿಫಿಕೇಟ್ ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆ ಕೊಡೋದು. ಸಹಾಯ ಅದಕ್ಕಿಂತ ಮೊದಲೇ ಶುರು ಮಾಡಬಹುದು, ಕಾಗದಕ್ಕಾಗಿ ಕಾಯಬೇಡಿ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ಸೌಲಭ್ಯ ಇದೆ. ಸಿಬಿಎಸ್‌ಇಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ, ಅಂದರೆ ಮೂರು ಗಂಟೆಯ ಪೇಪರ್‌ಗೆ ಪೂರ್ತಿ ಒಂದು ಗಂಟೆ. ಇದಕ್ಕೆ ಹತ್ತನೇ ತರಗತಿಯ ಜನವರಿಯಲ್ಲಿ ಓಡಾಡಿದರೆ ಆಗಲ್ಲ. ಎಂಟು, ಒಂಬತ್ತರಲ್ಲೇ ಪರೀಕ್ಷೆ ಮಾಡಿಸಿ ಶಾಲೆಗೆ ಕೊಟ್ಟಿರಿ.

ಖಾಸಗಿಯವರ ಹತ್ತಿರ ದುಡ್ಡು ಕೊಟ್ಟು ಪರೀಕ್ಷೆ ಮಾಡಿಸುವ ಮೊದಲು "ಈ ರಿಪೋರ್ಟ್ ನಮ್ಮ ಬೋರ್ಡ್‌ಗೆ ನಡೆಯುತ್ತಾ, ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಮಾಡಿಸಬೇಕಾ?" ಅಂತ ಕೇಳಿ. ಅದೇ ಪರೀಕ್ಷೆಯನ್ನು ಬೇಗ ಮತ್ತೆ ಮಾಡಿದರೆ ಮಗುವಿಗೆ ಉತ್ತರ ನೆನಪಿರುತ್ತದೆ, ಅಂಕ ಸರಿಯಾಗಿ ಬರುವುದಿಲ್ಲ. ಹಾಗಾಗಿ ಎಲ್ಲಿ ಮಾಡಿಸೋದು ಅಂತ ಮೊದಲೇ ನಿರ್ಧರಿಸಿ.

ಖಾಸಗಿ, ಆನ್‌ಲೈನ್, ಫೋನ್

ಊರಲ್ಲೇ ಖಾಸಗಿ ಕ್ಲಿನಿಕ್ ಇದ್ದರೆ ನೋಂದಣಿ ಸಂಖ್ಯೆ ಕೇಳಿ, ರಿಹ್ಯಾಬಿಲಿಟೇಷನ್ ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹುಡುಕಿ, ಚಾಲ್ತಿಯಲ್ಲಿದೆಯಾ ನೋಡಿ. ಎಷ್ಟು ಭೇಟಿ, ಒಂದಕ್ಕೆ ಎಷ್ಟು, ಪರೀಕ್ಷೆಗೆ ಬೇರೆ ಎಷ್ಟು ಅಂತ ಮೊದಲೇ ಕೇಳಿ. ಹತ್ತು ಭೇಟಿಯ ಹಣ ಒಟ್ಟಿಗೆ ಕಟ್ಟಿ ಅನ್ನುವವರಿಗೆ, ಒಂದೆರಡು ನೋಡಿ ಆಮೇಲೆ ಹೇಳ್ತೀವಿ ಅನ್ನಿ. ಗ್ಯಾರಂಟಿ ಗುಣಪಡಿಸ್ತೀವಿ ಅನ್ನುವವರ ಹತ್ತಿರ ಹೋಗಲೇಬೇಡಿ.

ಆನ್‌ಲೈನ್ ಥೆರಪಿ ದೊಡ್ಡ ಮಕ್ಕಳಿಗೆ ಚೆನ್ನಾಗಿ ಹೊಂದುತ್ತದೆ. ಪಿಯುಸಿ ಓದುವ ಹುಡುಗಿಗೆ ಮಡಿಕೇರಿಯ ಕಾರಿಡಾರ್‌ನಲ್ಲಿ ಕೂರುವುದಕ್ಕಿಂತ ತನ್ನ ಕೋಣೆಯಲ್ಲಿ ಕೂತು ಮಾತಾಡೋದು ಸುಲಭ. ಆದರೆ ಬಾಗಿಲು ಹಾಕಿಕೊಳ್ಳುವ ಕೋಣೆ ಇರಬೇಕು, ಲೈನ್ ಮನೆಯಲ್ಲಿ ಅದು ಎಲ್ಲಿಂದ ಬರುತ್ತದೆ? ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ. ವಿಡಿಯೊ ಕಡಿದರೆ ಸಾಮಾನ್ಯ ಫೋನ್ ಕರೆಯಲ್ಲಿ ಮುಂದುವರಿಸೋದು ಅಂತ ಮೊದಲೇ ಮಾತಾಡಿಕೊಂಡಿರಿ. ಏಳೆಂಟು ವರ್ಷದ ಮಗುವಿಗೆ ಪರದೆಯ ಮೇಲಿನ ಥೆರಪಿ ಅಷ್ಟು ಹಿಡಿಸುವುದಿಲ್ಲ, ಅಂಥ ವಯಸ್ಸಿನಲ್ಲಿ ತಂದೆ ತಾಯಿಗೆ ಹೇಳಿಕೊಡುವ ಭೇಟಿಯನ್ನು ಆನ್‌ಲೈನ್ ಮಾಡಿ. ಪರೀಕ್ಷೆ ಮಾತ್ರ ಎದುರಿಗೇ ಆಗಲಿ.

ಟೆಲಿ ಮಾನಸ್, 14416, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ಇದೆ, ದಿನದ 24 ಗಂಟೆ, ಉಚಿತ, ಕನ್ನಡದಲ್ಲೂ ಮಲಯಾಳಂನಲ್ಲೂ ಮಾತಾಡಬಹುದು. ಪರೀಕ್ಷೆ, ಸರ್ಟಿಫಿಕೇಟ್ ಇಲ್ಲಿ ಆಗಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಮಗ ಸಾಯ್ತೀನಿ ಅಂತ ಕೂತಾಗ, ಅಥವಾ ಯಾರಿಗೆ ತೋರಿಸಬೇಕು ಅಂತಲೇ ಗೊತ್ತಾಗದಾಗ ಇದಕ್ಕಿಂತ ಬೇಗ ಸಿಗೋದು ಬೇರೆ ಇಲ್ಲ.

ಯಾರಾದರೂ ನೋಡಿದರೆ?

ಈ ಭಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮನೋವೈದ್ಯ ವಿಭಾಗದ ಮುಂದಿನ ಬೆಂಚಿನಲ್ಲಿ ಐದು ನಿಮಿಷ ಕೂತರೆ ಸಾಕು, ಪಕ್ಕದವರು "ನೀವು ಯಾವ ಮನೆಯವರು?" ಅಂತ ಕೇಳುತ್ತಾರೆ. ಒಳ್ಳೆ ಮನಸ್ಸಿನಿಂದಲೇ ಕೇಳೋದು. ಅಷ್ಟರಲ್ಲಿ ಹದಿನಾರರ ಹುಡುಗಿ ಶಾಲನ್ನು ಮುಖಕ್ಕೆ ಎಳೆದುಕೊಂಡು ಗೋಡೆ ಕಡೆ ತಿರುಗಿರುತ್ತಾಳೆ. ಆ ಮುಜುಗರಕ್ಕೇ ಅವಳು ಮುಂದಿನ ಸಲ ಬರಲ್ಲ ಅಂದರೆ, ಪಕ್ಕದ ಜಿಲ್ಲೆಗೆ ಹೋಗೋದು ಅಥವಾ ಆನ್‌ಲೈನ್ ಆರಿಸೋದು ಸರಿಯಾದ ನಿರ್ಧಾರವೇ. ಪರೀಕ್ಷೆಗೆ ಅಲ್ಲದಿದ್ದರೂ ದೂರ ಹೋದರೆ ಪರವಾಗಿಲ್ಲ ಅಂತ ನಾನು ಹೇಳುವ ಇನ್ನೊಂದು ಸಂದರ್ಭ ಇದು.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ಹಕ್ಕು. ಮಗು ಹೇಳಿದ್ದರಲ್ಲಿ ಸೈಕಾಲಜಿಸ್ಟ್ ನಿಮಗೆ ಏನು ತಿಳಿಸುತ್ತಾರೆ, ಏನು ತಿಳಿಸಲ್ಲ ಅಂತ ಮೊದಲ ದಿನವೇ ಮಗುವಿನ ಎದುರಿಗೇ ಕೇಳಿ. ಜೀವಕ್ಕೆ ಅಪಾಯ ಇದ್ದರೆ ನಿಮಗೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಅವರು ಪೊಲೀಸರಿಗೆ ತಿಳಿಸಲೇಬೇಕು. ಇಂಥ ವಿಷಯಕ್ಕೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಇಷ್ಟನ್ನು ಬಿಟ್ಟು ಉಳಿದದ್ದು ಮಗುವಿನದ್ದು, ಮನೆಗೆ ಬರುವ ದಾರಿಯಲ್ಲಿ "ಏನ್ ಹೇಳಿದೆ, ಏನ್ ಕೇಳಿದ್ರು" ಅಂತ ಕೆದಕಬೇಡಿ.

ಮೂರ್ನಾಲ್ಕು ಭೇಟಿ ಆದ ಮೇಲೆ ಮಗುವನ್ನೇ ಕೇಳಿ, ಮತ್ತೆ ಹೋಗಬೇಕು ಅನ್ನಿಸುತ್ತಾ ಅಂತ. ಇಲ್ಲ ಅಂದರೆ ಸೈಕಾಲಜಿಸ್ಟ್ ಹತ್ತಿರವೇ ಆ ಮಾತು ತೆಗೆಯಿರಿ, ಅವರು ರೀತಿ ಬದಲಿಸಬಹುದು ಅಥವಾ ಬೇರೆಯವರ ಹೆಸರು ಹೇಳಬಹುದು. ಬೇರೆ ಕಡೆ ಹೋಗುವಾಗ ಪರೀಕ್ಷೆಯ ರಿಪೋರ್ಟ್‌ನ ಮೂಲ ಪ್ರತಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಜೆರಾಕ್ಸ್ ಮಾತ್ರ ಕೊಡಿ, ಫೋನಿನಲ್ಲೂ ಒಂದು ಫೋಟೊ ಇರಲಿ.